ಗೈಡ್ ಹೇಳಿದ್ದೇ ವೇದವಾಕ್ಯವೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಪಿಎಚ್‌ಡಿ ಮಾಡುತ್ತಲೇ ಲ್ಯಾಬ್, ತರಗತಿ, ಪೇಪರ್ ತಿದ್ದುವ ಕೆಲಸಕ್ಕೂ ಹೆಗಲು ಕೊಟ್ಟವರವು. ಚಿಕ್ಕ ಅಳುವಾರದಲ್ಲಿ ವಿಶ್ವವಿದ್ಯಾಲಯ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು, ಚೆಟ್ಟಳ್ಳಿ, ಅಪ್ಪಂಗಳದಲ್ಲಿ ಸಂಶೋಧನಾ ಕೇಂದ್ರಗಳು ಇರುವ ಜಿಲ್ಲೆಯಿದು. ಇಲ್ಲಿಂದ ಮೈಸೂರು, ಮಂಗಳೂರು, ಬೆಂಗಳೂರಿಗೆ ಹೋಗಿ ಸಂಶೋಧನೆ ಮಾಡುವವರೂ ಬಹಳ. ಯಾರ ಪತ್ರ, ಯಾವ ಸಂಸ್ಥೆ ಎಂಬ ಗುರುತು ಸಿಗದಂತೆ ವಿವರಗಳನ್ನು ತೆಗೆದಿದ್ದೇವೆ.

ಪ್ರಶ್ನೆ: ಫೆಲೋಶಿಪ್ ಪಡೆದು ಎರಡನೇ ವರ್ಷದ ಪಿಎಚ್‌ಡಿಯಲ್ಲಿದ್ದೇನೆ. ವಾರಕ್ಕೆ ಹದಿನಾಲ್ಕು ಗಂಟೆ ಪ್ರಾಕ್ಟಿಕಲ್ ವಹಿಸಿದ್ದಾರೆ, ಅದರ ಮೇಲೆ ರೆಕಾರ್ಡ್ ತಿದ್ದುವುದು, ಇಂಟರ್ನಲ್ಸ್ ಪೇಪರ್ ನೋಡುವುದು. "ನೋಟ್ಸ್‌ನಲ್ಲಿ ಇದ್ದಷ್ಟು ಹೇಳಿ, ನಿಮ್ಮ ಅಭಿಪ್ರಾಯ ಬೇಡ" ಎಂದೂ ಹೇಳಿದ್ದಾರೆ. ನಿಯಮ ಏನಿದೆ? (ಕುಶಾಲನಗರ)

ಉತ್ತರ: ಗಂಟೆಯ ಲೆಕ್ಕ ಸುಲಭ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಪಿಎಚ್‌ಡಿ ನಿಯಮಾವಳಿ ಪ್ರಕಾರ ಸಂಶೋಧನಾರ್ಥಿಗೆ ವಾರಕ್ಕೆ 4ರಿಂದ 6 ಗಂಟೆ ಬೋಧನೆ ಅಥವಾ ಸಂಶೋಧನಾ ಸಹಾಯದ ಕೆಲಸ ಕೊಡಬಹುದು. ಟ್ಯುಟೋರಿಯಲ್, ಲ್ಯಾಬ್, ಮೌಲ್ಯಮಾಪನ ಮೂರೂ ಆ ಗಂಟೆಗಳ ಒಳಗೇ ಬರಬೇಕು. ತರಗತಿಗೆ ಆರು ಗಂಟೆ, ಪೇಪರ್ ತಿದ್ದುವುದು ಬೇರೆ ಲೆಕ್ಕ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವಿಭಾಗದಲ್ಲಿ ಅಧ್ಯಾಪಕರ ಹುದ್ದೆ ಖಾಲಿ ಬಿದ್ದಿದ್ದರೆ ಅದನ್ನು ತುಂಬಬೇಕಾದ್ದು ಸರ್ಕಾರ, ನೀವಲ್ಲ.

ಹಾಗೆಂದು ನಾಳೆಯೇ ಹೋಗಿ "ನಿಯಮದಲ್ಲಿ ಆರೇ ಗಂಟೆ" ಎಂದರೆ ಕೆಲಸ ಕೆಡುತ್ತದೆ. ಮೊದಲು ನಾಲ್ಕು ವಾರದ ಲೆಕ್ಕ ಬರೆದಿಡಿ: ದಿನಾಂಕ, ತರಗತಿ, ಬ್ಯಾಚ್, ಎಷ್ಟು ಹೊತ್ತು, ಯಾರು ವಹಿಸಿದರು. ಮುಂದಿನ ಸೆಮಿಸ್ಟರಿನ ಟೈಮ್‌ಟೇಬಲ್ ಸಿದ್ಧವಾಗುವ ಮೊದಲು ಆ ಲೆಕ್ಕ ಲಗತ್ತಿಸಿ ವಿಭಾಗದ ಮುಖ್ಯಸ್ಥರಿಗೆ ಅರ್ಧ ಪುಟದ ಪತ್ರ ಕೊಡಿ. "ತೊಂದರೆ ಕೊಡುತ್ತಿದ್ದಾರೆ" ಎಂಬಂಥ ಮಾತು ಅದರಲ್ಲಿ ಬೇಡ. "ನಿಯಮದ ಮಿತಿಯೊಳಗೆ ಕೆಲಸ ಹಂಚಿಕೆ ಮಾಡಿಕೊಡಬೇಕಾಗಿ ವಿನಂತಿ" ಎಂದಿದ್ದರೆ ಸಾಕು. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡು ಇಟ್ಟುಕೊಳ್ಳಿ. ಸೀಲು ಹಾಕಲು ಹಿಂದೇಟು ಹಾಕಿದರೆ ಅದೇ ಪತ್ರವನ್ನು ಇಮೇಲ್ ಮಾಡಿ, ಗೈಡ್‌ಗೂ (ಪಿಎಚ್‌ಡಿ ಮಾರ್ಗದರ್ಶಕರಿಗೂ) ಒಂದು ಪ್ರತಿ ಹೋಗಲಿ. ಟೈಮ್‌ಟೇಬಲ್ ಗೋಡೆಗೆ ಅಂಟಿಸಿದ ಮೇಲೆ ಕೇಳಿದರೆ ಬೇರೆಯವರ ತರಗತಿ ಅಲುಗಾಡುತ್ತದೆ, ಸಿಟ್ಟು ನಿಮ್ಮ ಮೇಲೆ ತಿರುಗುತ್ತದೆ.

ಅಭಿಪ್ರಾಯದ ವಿಷಯದಲ್ಲಿ ಮಾತ್ರ ನೀವು ಬಯಸಿದ ಉತ್ತರ ಸಿಗಲಾರದು. ಬೇರೆಯವರು ಪಾಠ ಮಾಡುವ ವಿಷಯಕ್ಕೆ (ಪತ್ರಿಕೆಗೆ) ಸಹಾಯಕರಾಗಿ ಹೋದಾಗ ಪಠ್ಯಕ್ರಮ, ಪ್ರಯೋಗಗಳ ಕ್ರಮ, ಅಂಕ ಹಂಚಿಕೆ ಆ ಅಧ್ಯಾಪಕರದ್ದು. "ಈ ಪ್ರಯೋಗ ಹಳೆಯದು, ಮಾಡಬೇಡಿ" ಎಂದು ನೀವು ತೀರ್ಮಾನಿಸುವಂತಿಲ್ಲ. ಆದರೆ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ವಿಷಯದೊಳಗೆ ನಿಂತು ಉತ್ತರಿಸುವುದನ್ನು, "ಇದಕ್ಕೆ ಇನ್ನೊಂದು ವಾದವೂ ಇದೆ, ಇಂಥಲ್ಲಿ ಓದಿ" ಎನ್ನುವುದನ್ನು ತಡೆಯುವ ನಿಯಮ ಯಾವುದೂ ಇಲ್ಲ. ನೋಟ್ಸ್‌ನಲ್ಲಿ ತಪ್ಪಿದ್ದರೆ ವಿದ್ಯಾರ್ಥಿಗಳ ಮುಂದೆ ತಿದ್ದುವ ಮೊದಲು ಅಧ್ಯಾಪಕರಿಗೆ ತಿಳಿಸಿ. ಅದು ಹೆದರಿಕೆಯಲ್ಲ, ಕ್ರಮ.

ಪ್ರಶ್ನೆ: ನಾನು ಕೊಟ್ಟ ಇಂಟರ್ನಲ್ಸ್ ಅಂಕವನ್ನು ಮೇಡಂ ಬದಲಿಸಿದರು. ಪಟ್ಟಿಯ ಕೆಳಗೆ ಮಾತ್ರ ನನ್ನದೇ ಸಹಿ. (ಗೋಣಿಕೊಪ್ಪ)

ಉತ್ತರ: ಕೊನೆಯ ಅಂಕ ತೀರ್ಮಾನಿಸುವ ಅಧಿಕಾರ ಪತ್ರಿಕೆಯ ಜವಾಬ್ದಾರಿ ಹೊತ್ತ ಅಧ್ಯಾಪಕರದ್ದು, ಅದರ ಬಗ್ಗೆ ತಕರಾರು ಬೇಡ. ನಿಮ್ಮ ಸಹಿ ಮಾತ್ರ ನಿಮ್ಮದು. ನೀವು ಹಾಕದ ಅಂಕದ ಕೆಳಗೆ ಸಹಿ ಮಾಡಬೇಡಿ. ನಾಳೆ ವಿದ್ಯಾರ್ಥಿ ಮರುಪರಿಶೀಲನೆ ಕೇಳಿದರೆ, ಮಾಹಿತಿ ಹಕ್ಕಿನಲ್ಲಿ ತನ್ನ ಉತ್ತರಪತ್ರಿಕೆಯ ಪ್ರತಿ ಕೇಳಿದರೆ (ಪರೀಕ್ಷಾರ್ಥಿಗೆ ಆ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ) ಪತ್ರಿಕೆಯೊಳಗಿನ ಅಂಕಕ್ಕೂ ಪಟ್ಟಿಯ ಅಂಕಕ್ಕೂ ತಾಳೆಯಾಗದೆ ಮೊದಲು ಪ್ರಶ್ನೆಗೆ ಗುರಿಯಾಗುವವರು ನೀವೇ.

ತಿದ್ದಲು ಕೂರುವ ಮೊದಲು ಅಂಕ ಹಂಚಿಕೆಯ ಸೂತ್ರ ಬರಹದಲ್ಲಿರಲಿ: ಹತ್ತು ಅಂಕದ ಪ್ರಶ್ನೆಗೆ ಚಿತ್ರಕ್ಕೆಷ್ಟು, ವಿವರಣೆಗೆಷ್ಟು, ಲೆಕ್ಕದ ಹಂತಕ್ಕೆಷ್ಟು. ಆಮೇಲೆ ಮೊದಲ ಐದು ಪತ್ರಿಕೆಗಳನ್ನು ನೀವೂ ಅಧ್ಯಾಪಕರೂ ಬೇರೆ ಬೇರೆಯಾಗಿ ನೋಡಿ ಅಂಕ ಹೋಲಿಸಿಕೊಳ್ಳಿ. ಅರ್ಧಕ್ಕರ್ಧ ಜಗಳ ಅಲ್ಲಿಯೇ ತೀರುತ್ತದೆ. ಪಟ್ಟಿಯಲ್ಲಿ "ತಿದ್ದಿದವರು" ಮತ್ತು "ಪರಿಶೀಲಿಸಿ ಅಂತಿಮಗೊಳಿಸಿದವರು" ಎಂದು ಎರಡು ಕಾಲಂ ಮಾಡಿಸಿ. ಅಂಕ ಬದಲಾದ ಕಡೆ ಹಳೆಯದರ ಮೇಲೆ ಒಂದೇ ಗೆರೆ ಎಳೆದು, ಹೊಸದನ್ನು ಪಕ್ಕದಲ್ಲಿ ಬರೆದು, ಬದಲಿಸಿದವರೇ ಚಿಕ್ಕ ಸಹಿ ಹಾಕಬೇಕು. ವೈಟ್ನರ್ ಬಳಿದ ಪಟ್ಟಿಗೆ ಯಾವ ಕಾರಣಕ್ಕೂ ಸಹಿ ಹಾಕಬೇಡಿ.

ಪ್ರಶ್ನೆ: 2018ರ ಭೂಕುಸಿತದ ಮೇಲೆ ಪಿಎಚ್‌ಡಿ. ಸಂಶೋಧನಾ ಸಲಹಾ ಸಮಿತಿ ವಿಷಯ ಒಪ್ಪಿ ಎರಡು ವರ್ಷವಾಯಿತು. ಗುಡ್ಡ ಕಡಿದು ಮಾಡಿದ ರಸ್ತೆ, ಹೋಂಸ್ಟೇ, ನಿವೇಶನಗಳ ಮೇಲಿನ ಅಧ್ಯಾಯ ಬಿಡಿ ಎಂದು ಗೈಡ್ ಸರ್ ಈಗ ಹೇಳುತ್ತಾರೆ. "ಊರಿನವರನ್ನು ಎದುರು ಹಾಕಿಕೊಳ್ಳುವುದು ಯಾಕೆ" ಎಂಬುದು ಅವರ ಮಾತು. ನಾನು ಬಿಡಬೇಕೇ? (ಮಡಿಕೇರಿ)

ಉತ್ತರ: ಬಿಡಬೇಕಾಗಿಲ್ಲ. ಆದರೆ ಉಳಿಸಿಕೊಳ್ಳುವ ದಾರಿ ಜಗಳದ್ದಲ್ಲ, ಕಡತದ್ದು.

2022ರ ನಿಯಮಾವಳಿ ಪ್ರಕಾರ ವಿಷಯ ಅಂತಿಮಗೊಳಿಸುವುದು ಸಂಶೋಧನಾ ಸಲಹಾ ಸಮಿತಿ. ಗೈಡ್ ಅದರ ಸಂಚಾಲಕರು, ಒಡೆಯರಲ್ಲ. ಪ್ರತಿ ಸೆಮಿಸ್ಟರ್ ನೀವು ಆ ಸಮಿತಿಯ ಮುಂದೆ ಬಂದು ಪ್ರಗತಿ ಮಂಡಿಸಬೇಕು. ಪ್ರಗತಿ ಸಾಲದು ಎಂದಾದರೆ ಸಮಿತಿ ಕಾರಣ ದಾಖಲಿಸಿ, ಸರಿಪಡಿಸುವ ಕ್ರಮ ಸೂಚಿಸಬೇಕು. ನೋಂದಣಿ ರದ್ದಿಗೆ ಶಿಫಾರಸು ಮಾಡುವಾಗಲೂ ನಿರ್ದಿಷ್ಟ ಕಾರಣ ಕೊಡಬೇಕು. ನಿಮ್ಮ ಶೈಕ್ಷಣಿಕ ಸ್ವಾತಂತ್ರ್ಯ ಎಂಬುದು ಭಾಷಣದಲ್ಲಿಲ್ಲ, ಆ ನಡಾವಳಿಯ ಪುಟದಲ್ಲಿದೆ. ಮೊದಲ ಸಭೆಯ ನಡಾವಳಿಯಲ್ಲಿ ಅಧ್ಯಾಯಗಳ ಪಟ್ಟಿ ಇದೆಯೇ ನೋಡಿ. ಪ್ರತಿ ನಿಮ್ಮಲ್ಲಿಲ್ಲದಿದ್ದರೆ ಬರೆದು ಕೇಳಿ. ಸರ್ಕಾರಿ ವಿಶ್ವವಿದ್ಯಾಲಯ ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು.

ಇನ್ನು ಗೈಡ್ ಆಕ್ಷೇಪ ಯಾವ ಬಗೆಯದು ಎಂದು ಬೇರ್ಪಡಿಸಿ ನೋಡಿ. "ನಿನ್ನ ಬಳಿ ಸಾಕಷ್ಟು ಸ್ಯಾಂಪಲ್ ಇಲ್ಲ, ರಸ್ತೆಯೇ ಕಾರಣ ಎನ್ನಲು ಆಧಾರ ಸಾಲದು" ಎಂದರೆ ಅದು ವಿದ್ವತ್ತಿನ ಆಕ್ಷೇಪ, ಕೈಮುಗಿದು ಕೇಳಿಸಿಕೊಳ್ಳಿ. "ಯಾರಿಗೋ ಬೇಸರವಾಗುತ್ತದೆ" ಎಂಬುದು ಆ ಜಾತಿಯದಲ್ಲ. ಇವೆರಡೂ ಒಂದೇ ಮಾತಿನಲ್ಲಿ ಬೆರೆತು ಬರುವುದುಂಟು, ಆದ್ದರಿಂದ ಬರಹದಲ್ಲಿ ಕೇಳಿ: "ನಾಲ್ಕನೇ ಅಧ್ಯಾಯದ ಬಗ್ಗೆ ತಾವು ಸೂಚಿಸಿದ ಬದಲಾವಣೆಗಳನ್ನು ಮಾಡಲು, ದತ್ತಾಂಶದಲ್ಲಿ ಅಥವಾ ವಿಧಾನದಲ್ಲಿ ಇರುವ ಕೊರತೆ ತಿಳಿಸಿದರೆ ಮುಂದಿನ ಸಭೆಯೊಳಗೆ ಸರಿಪಡಿಸಿಕೊಳ್ಳುತ್ತೇನೆ." ಈ ಒಂದು ವಾಕ್ಯಕ್ಕೆ ಬರುವ ಉತ್ತರದಲ್ಲಿ, ಉತ್ತರ ಬಾರದಿರುವುದರಲ್ಲೂ, ಬೇಕಾದ್ದು ಗೊತ್ತಾಗುತ್ತದೆ.

ಅಧ್ಯಾಯವನ್ನೂ ಗಟ್ಟಿ ಮಾಡಿಕೊಳ್ಳಿ. ಇಲ್ಲಿ ಹಲವರು ಎಡವುತ್ತಾರೆ. ಆಗಸ್ಟ್ 2018ರಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದ್ದಕ್ಕೆ ಮಳೆ, ಮಣ್ಣಿನ ಆಳ, ಇಳಿಜಾರು, ನೀರಿನ ಹರಿವಿಗೆ ತಡೆ, ಗುಡ್ಡದ ಬುಡ ಕಡಿದದ್ದು ಎಲ್ಲವೂ ಸೇರಿರಬಹುದು. ಬುಡ ಕಡಿದದ್ದರ ಪಾಲು ಎಷ್ಟು ಎಂದು ಹೇಳಬೇಕಾದರೆ ಕಡಿದ ಇಳಿಜಾರಿನ ಪಕ್ಕದಲ್ಲೇ, ಅದೇ ಮಣ್ಣಿನ, ಅದೇ ಕೋನದ ಕಡಿಯದ ಇಳಿಜಾರನ್ನೂ ಅಳೆಯಬೇಕು. ಜಾರಿದ ಜಾಗಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡ ಅಧ್ಯಾಯ ವೈವಾದಲ್ಲಿ ಹತ್ತು ನಿಮಿಷ ನಿಲ್ಲುವುದಿಲ್ಲ. ಕಡಿದೂ ಜಾರದ ಜಾಗಗಳು ಎಷ್ಟಿವೆ ಎಂದು ಹೊರಗಿನ ಪರೀಕ್ಷಕರು ಕೇಳಿಯೇ ಕೇಳುತ್ತಾರೆ.

ಮಳೆಯ ಲೆಕ್ಕಕ್ಕೆ ಕೊಡಗಿನಲ್ಲಿ ಒಂದು ಭಾಗ್ಯವಿದೆ. ಕಾಫಿ ತೋಟದ ಮನೆಗಳಲ್ಲಿ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟ್‌ಗಳಲ್ಲಿ ಬರೆದಿಟ್ಟ ಹಳೆಯ ಪುಸ್ತಕಗಳಿವೆ. ನೂರು ಸೆಂಟ್ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಅದನ್ನು ಬಳಸುವುದಾದರೆ ಅಳತೆ ಎಷ್ಟು ಗಂಟೆಗೆ ತೆಗೆಯುತ್ತಿದ್ದರು, ಮಾಪಕದ ಮೇಲೆ ಮರದ ಹನಿ ಬೀಳುತ್ತಿತ್ತೇ, ಬರೆಯದ ದಿನಗಳೆಷ್ಟು ಎಂದು ಕೇಳಿ ಬರೆದುಕೊಳ್ಳಿ. ಮಳೆ ಜೋರಾಗಿ ಮಾಪಕ ತುಂಬಿ ಹರಿದ ದಿನ ಪುಸ್ತಕದಲ್ಲಿ ನಿಜಕ್ಕಿಂತ ಕಡಿಮೆಯೇ ಇರುತ್ತದೆ. ಭೂಕುಸಿತದ ಲೆಕ್ಕಕ್ಕೆ ಮುಖ್ಯವಾದದ್ದು ಅದೇ ದಿನ. ಪುಸ್ತಕದ ಪುಟ ಬಳಸಲು ಮನೆಯವರಿಂದ ಎರಡು ಸಾಲಿನ ಒಪ್ಪಿಗೆ ಪತ್ರ ಪಡೆಯಿರಿ.

ಹೋಂಸ್ಟೇಗಳ ಹೆಸರು ಪ್ರಬಂಧಕ್ಕೆ ಬೇಕಾಗಿಲ್ಲ. ಇಳಿಜಾರು 1, ಇಳಿಜಾರು 2 ಎಂದು ಸಂಖ್ಯೆ ಕೊಟ್ಟು, ನಕ್ಷೆಯಲ್ಲಿ ನಿಖರ ಬಿಂದುವಿನ ಬದಲು ಊರಿನ ಮಟ್ಟದ ಗುರುತು ಹಾಕಿ. ಒಬ್ಬರ ಕಟ್ಟಡವನ್ನು ಹೆಸರಿಸಿ "ಇದರಿಂದಲೇ ಸಾವು" ಎಂದು ಬರೆದರೆ ಮಾನಹಾನಿ ಮೊಕದ್ದಮೆಗೆ ನೀವೇ ಬಾಗಿಲು ತೆರೆದಂತೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನಲ್ಲಿ ಸಾರ್ವಜನಿಕ ಹಿತಕ್ಕೆ ಹೇಳಿದ ಸತ್ಯಕ್ಕೆ ರಕ್ಷಣೆ ಇದೆ, ನಿಜ. ಆದರೆ ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡುತ್ತ ಕೂತರೆ ಪ್ರಬಂಧ ಮುಗಿಯುವುದು ಯಾವಾಗ? ಪಿಎಚ್‌ಡಿಗೆ ಇರುವುದು ಆರು ವರ್ಷ, ಮರುನೋಂದಣಿ ಸಿಕ್ಕರೆ ಇನ್ನೆರಡು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮತ್ತೆರಡು.

ಇಷ್ಟಾದ ಮೇಲೂ ಗೈಡ್ ಬಗ್ಗದಿದ್ದರೆ ಸಮಿತಿಯಲ್ಲೇ ಸಹ ಮಾರ್ಗದರ್ಶಕರೊಬ್ಬರನ್ನು ಕೋರಿ. ಗೈಡ್ ಬದಲಾವಣೆ ಕೊನೆಯ ಅಸ್ತ್ರ. ಅದಕ್ಕೆ ಕೈಹಾಕುವ ಮೊದಲು ಖಾಲಿ ಸೀಟಿರುವ ಇನ್ನೊಬ್ಬರ ಒಪ್ಪಿಗೆ ಕೈಯಲ್ಲಿರಬೇಕು. ಪ್ರೊಫೆಸರ್‌ಗೆ ಏಕಕಾಲಕ್ಕೆ 8, ಅಸೋಸಿಯೇಟ್ ಪ್ರೊಫೆಸರ್‌ಗೆ 6, ಅಸಿಸ್ಟೆಂಟ್ ಪ್ರೊಫೆಸರ್‌ಗೆ 4 ಪಿಎಚ್‌ಡಿ ವಿದ್ಯಾರ್ಥಿಗಳ ಮಿತಿಯಿದೆ. ಒಪ್ಪಿದವರ ಲೆಕ್ಕ ತುಂಬಿದ್ದರೆ ನಿಮ್ಮ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಪ್ರಶ್ನೆ: ತೋಟದ ಲೈನ್ ಮನೆಗಳಲ್ಲಿ ಕೂಲಿ ಕಾರ್ಮಿಕರ ಸಮೀಕ್ಷೆ ಮಾಡಬೇಕು. ಬರೆದದ್ದನ್ನು ಮೊದಲು ತಮಗೆ ತೋರಿಸಿದರೆ ಮಾತ್ರ ಬಿಡುತ್ತೇವೆ ಎನ್ನುತ್ತಾರೆ ಮಾಲೀಕರು. ನಾಗರಹೊಳೆ ಕಡೆಯ ಹಾಡಿಗಳಿಗೂ (ಆದಿವಾಸಿಗಳ ವಸತಿಗಳಿಗೂ) ಹೋಗಬೇಕಿದೆ. (ಸಿದ್ದಾಪುರ)

ಉತ್ತರ: ತೋಟದೊಳಗೆ ಕಾಲಿಡಲು ಮಾಲೀಕರ ಅನುಮತಿ ಬೇಕು. ಕಾರ್ಮಿಕರ ಜೊತೆ ಮಾತಾಡಲು ಕಾರ್ಮಿಕರದೇ ಒಪ್ಪಿಗೆ ಬೇಕು. ಒಂದರ ಬದಲಿಗೆ ಇನ್ನೊಂದು ನಡೆಯದು. "ಪ್ರಕಟವಾದ ಮೇಲೆ ಒಂದು ಪ್ರತಿ ಕೊಡುತ್ತೇನೆ, ತೋಟದ ಹೆಸರು ಬರೆಯುವುದಿಲ್ಲ" ಎಂದು ಮಾಲೀಕರಿಗೆ ಮಾತು ಕೊಡಬಹುದು. ಮೊದಲೇ ತೋರಿಸುತ್ತೇನೆ ಎಂದು ಮಾತ್ರ ಒಪ್ಪಬೇಡಿ. ಯಾವ ಮನೆಯವರು ಏನು ಹೇಳಿದರು ಎಂದು ಅವರಿಗೆ ಊಹಿಸಲು ಒಂದು ಪುಟ ಸಾಕು, ಪೆಟ್ಟು ಬೀಳುವುದು ಕಾರ್ಮಿಕರಿಗೆ. ಒಪ್ಪದ ಮಾಲೀಕರನ್ನು ಬಿಡಿ. ಸಂಜೆ ಕೆಲಸ ಮುಗಿದ ಮೇಲೆ, ಭಾನುವಾರದ ಸಂತೆಯ ದಿನ ತೋಟದ ಗೇಟಿನ ಹೊರಗೆ ಮಾತಾಡಿಸಿದರೆ ಉತ್ತರವೂ ಹೆಚ್ಚು ಬಿಚ್ಚುಮನಸ್ಸಿನದಾಗಿರುತ್ತದೆ. ತೋಟದ ರೈಟರ್ (ಲೆಕ್ಕ ಬರೆಯುವವರು) ಪಕ್ಕದಲ್ಲಿ ನಿಂತಿರುವಾಗ ಕೇಳಿದ ಕೂಲಿಯ ಪ್ರಶ್ನೆಗೆ ಬಂದ ಉತ್ತರವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಸಮೀಕ್ಷೆಗೆ ಮೊದಲೇ ಬೇಕು. ಆಮೇಲೆ ತಂದ ಒಪ್ಪಿಗೆಯನ್ನು ಒಳ್ಳೆಯ ಜರ್ನಲ್‌ಗಳು ಒಪ್ಪುವುದಿಲ್ಲ. ಓದಲು ಬಾರದವರಿಗೆ ಒಪ್ಪಿಗೆ ಪತ್ರವನ್ನು ಅವರ ಮಾತಿನಲ್ಲೇ ಓದಿ ಹೇಳಿ, ಸಾಕ್ಷಿಯೊಬ್ಬರ ಎದುರು ಹೆಬ್ಬೆಟ್ಟು ಪಡೆಯಿರಿ. ಆ ಸಾಕ್ಷಿ ತೋಟದ ಸಿಬ್ಬಂದಿಯಾಗಿರಬಾರದು. ಹೆಸರು ಮತ್ತು ಸಂಖ್ಯೆ ಜೋಡಿಸಿದ ಪಟ್ಟಿ ಒಂದು ಕಡೆ, ಉತ್ತರಗಳು ಇನ್ನೊಂದು ಕಡೆ ಇರಲಿ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಸಂಶೋಧನೆಗೆ ಹೋಗಲು 1972ರ ವನ್ಯಜೀವಿ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ನಾಗರಹೊಳೆಗೂ ಅದೇ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳಿಗೂ ಅದೇ. ಗೇಟಿನಲ್ಲಿ ಪರಿಚಯದ ಫಾರೆಸ್ಟರ್ ಬಿಟ್ಟರು ಎಂದು ಹೋಗಿ ಸಂಗ್ರಹಿಸಿದ ದತ್ತಾಂಶ ಪ್ರಬಂಧಕ್ಕೂ ಬಾರದು, ನಿಮ್ಮ ಮೇಲೆ ಕೇಸಿಗೂ ದಾರಿ. ಅರ್ಜಿಯಲ್ಲಿ ಹಾಡಿಯ ಹೆಸರು, ಜೊತೆಗೆ ಬರುವವರು, ವಾಹನ ಸಂಖ್ಯೆ, ತಿಂಗಳು ಸ್ಪಷ್ಟವಾಗಿರಲಿ. ಅನುಮತಿ ಬರಲು ತಿಂಗಳುಗಟ್ಟಲೆ ಆಗಬಹುದೆಂದು ಎಣಿಸಿ, ಮೊದಲ ವರ್ಷದ ಕೋರ್ಸ್‌ವರ್ಕ್ ನಡೆಯುವಾಗಲೇ ಅರ್ಜಿ ಹಾಕಿ.

ಪ್ರಶ್ನೆ: ಹಾಸ್ಟೆಲ್ ಅವ್ಯವಸ್ಥೆ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆದದ್ದಕ್ಕೆ ನೋಟಿಸ್ ಬಂದಿದೆ. ಸಂಶೋಧನಾರ್ಥಿಗೂ ಸರ್ಕಾರಿ ನೌಕರರ ನಡತೆ ನಿಯಮ ಅನ್ವಯಿಸುತ್ತದೆಯೇ? (ಸೋಮವಾರಪೇಟೆ)

ಉತ್ತರ: ಫೆಲೋಶಿಪ್ ಪಡೆದ ಮಾತ್ರಕ್ಕೆ ನೀವು ಸರ್ಕಾರಿ ನೌಕರರಾಗುವುದಿಲ್ಲ, ಆ ನಿಯಮ ತಾನಾಗಿ ಅನ್ವಯಿಸದು. ಸಂವಿಧಾನದ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯ ನಿಮಗೂ ಇದೆ, 19(2)ರ ಮಿತಿಗಳೂ ಇವೆ. ಆದರೆ ಪ್ರವೇಶದ ದಿನ ಓದದೆ ಸಹಿ ಹಾಕಿದ ಮುಚ್ಚಳಿಕೆ ಪತ್ರವೊಂದು ಇರುತ್ತದಲ್ಲ, ಅದನ್ನು ಈಗ ಹುಡುಕಿ ಓದಿ. ಪ್ರಾಜೆಕ್ಟ್ ನೇಮಕಾತಿಯಲ್ಲಿದ್ದರೆ ಆದೇಶದ ಷರತ್ತುಗಳನ್ನೂ ಓದಿ.

ನೋಟಿಸಿಗೆ ಉತ್ತರ ಕೊಡದೆ ಕೂರುವುದೇ ದೊಡ್ಡ ತಪ್ಪು. ಹೇಳಿದ ದಿನದೊಳಗೆ ಉತ್ತರಿಸಿ: ಯಾವ ನಿಯಮದ ಯಾವ ಕಲಂ ಉಲ್ಲಂಘನೆ, ದೂರು ಕೊಟ್ಟವರ ಪತ್ರದ ಪ್ರತಿ, ಮೌಖಿಕವಾಗಿ ಅಹವಾಲು ಹೇಳಿಕೊಳ್ಳಲು ಅವಕಾಶ, ಈ ಮೂರು ಕೇಳಿ. ಪೋಸ್ಟ್ ಅಳಿಸುವ ಮೊದಲು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಇಲ್ಲವಾದರೆ ನೀವು ಬರೆಯದ್ದನ್ನೂ ಬರೆದಿರಿ ಎನ್ನುವವರಿಗೆ ಎದುರುತ್ತರ ಇರುವುದಿಲ್ಲ. ಮುಂದೆ ಬರೆಯುವಾಗ ವಿಭಾಗದ ಹೆಸರು, ಲಾಂಛನ ಬಳಸದೆ ನಿಮ್ಮ ಹೆಸರಿನಲ್ಲೇ ಬರೆಯಿರಿ. ವಿದ್ಯಾರ್ಥಿಗಳ ಅಂಕ, ಹೆಸರು, ಸಹೋದ್ಯೋಗಿಗಳ ಖಾಸಗಿ ಮಾತು ಬೇಡ.

ಪ್ರಶ್ನೆ: ದೂರು ಕೊಡುವುದಾದರೆ ಎಲ್ಲಿಗೆ? ಕುಲಪತಿಗೆ ನೇರವಾಗಿ ಬರೆಯಬಹುದೇ? (ಪೊನ್ನಂಪೇಟೆ)

ಉತ್ತರ: ಬರೆಯಬಹುದು, ಕೆಳಗಿನ ಮೇಜಿಗೆ ವಾಪಸ್ ಬರುತ್ತದೆ. ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಾವಳಿಯ ದಾರಿ ಹಿಡಿಯಿರಿ. ಸಂಸ್ಥೆಯ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಹಾಕಿದರೆ 15 ದಿನದೊಳಗೆ ಅದು ಕುಂದುಕೊರತೆ ಸಮಿತಿಗೆ ಹೋಗಬೇಕು; ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ 15 ದಿನದೊಳಗೆ ಓಂಬುಡ್ಸ್‌ಪರ್ಸನ್‌ಗೆ (ಸಮಿತಿಯ ತೀರ್ಮಾನದ ಮೇಲಿನ ಮನವಿ ಕೇಳುವ ಅಧಿಕಾರಿಗೆ) ಮೇಲ್ಮನವಿ. ಈ ಕೊನೆಯ ಗಡುವನ್ನೇ ಜನ ತಪ್ಪಿಸಿಕೊಳ್ಳುವುದು. ಲಕೋಟೆ ಕೈಸೇರಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಫೆಲೋಶಿಪ್ ವಿಳಂಬ, ದಾಖಲೆ ತಡೆಹಿಡಿಯುವುದು, ಮೌಲ್ಯಮಾಪನದಲ್ಲಿ ಅನ್ಯಾಯ ಎಲ್ಲಕ್ಕೂ ಇದೇ ದಾರಿ. ಒಂದು ದೂರಿನಲ್ಲಿ ಒಂದೇ ವಿಷಯವಿರಲಿ. ಹತ್ತು ವರ್ಷದ ಸಿಟ್ಟೆಲ್ಲ ಸುರಿದ ದೂರು ಯಾವ ಸಮಿತಿಯಲ್ಲೂ ನಿಲ್ಲದು. ಲೈಂಗಿಕ ಕಿರುಕುಳವಾದರೆ ಇಲ್ಲಿಗೆ ಬರಬೇಡಿ, ಮೂರು ತಿಂಗಳೊಳಗೆ ಆಂತರಿಕ ದೂರು ಸಮಿತಿಗೆ ಲಿಖಿತವಾಗಿ ಕೊಡಿ.

ಪ್ರಶ್ನೆ: ಮಗಳಿಗೆ ಅಮೆರಿಕದಲ್ಲಿ ಪಿಎಚ್‌ಡಿ ಸೀಟು, ಜೊತೆಗೆ ಟೀಚಿಂಗ್ ಅಸಿಸ್ಟೆಂಟ್ ಕೆಲಸ. ಅಲ್ಲಿ ಮಾತಾಡಲು ಸ್ವಾತಂತ್ರ್ಯ ಹೆಚ್ಚು ಎನ್ನುತ್ತಾರೆ, ಈಗ ಭಯ ಎಂದೂ ಹೇಳುತ್ತಾರೆ. ಏನೆಂದು ಬುದ್ಧಿ ಹೇಳಿ ಕಳಿಸಲಿ? (ವಿರಾಜಪೇಟೆ)

ಉತ್ತರ: ಎರಡೂ ಮಾತಿನಲ್ಲಿ ಸತ್ಯವಿದೆ. ಅಲ್ಲಿನ ಪ್ರಾಧ್ಯಾಪಕರ ಸಂಘ 1940ರಲ್ಲಿ ಕಾಲೇಜುಗಳ ಒಕ್ಕೂಟದೊಡನೆ ಸೇರಿ ಶೈಕ್ಷಣಿಕ ಸ್ವಾತಂತ್ರ್ಯದ ತತ್ವಗಳನ್ನು ಹೊರಡಿಸಿತು. 2000ದಲ್ಲಿ ಅನುಮೋದಿಸಿದ ಇನ್ನೊಂದು ಹೇಳಿಕೆಯಲ್ಲಿ ಪದವೀಧರ ವಿದ್ಯಾರ್ಥಿಗಳಿಗೂ ಆ ಸ್ವಾತಂತ್ರ್ಯ ಉಂಟು ಎಂದಿತು. ಇವು ಕಾನೂನಲ್ಲ. ವಿಶ್ವವಿದ್ಯಾಲಯ ತನ್ನ ಕೈಪಿಡಿಯಲ್ಲಿ ಸೇರಿಸಿಕೊಂಡಿದ್ದರೆ ಬೆಲೆ. ಸರ್ಕಾರಿ ವಿಶ್ವವಿದ್ಯಾಲಯವಾದರೆ ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿ ಅದನ್ನು ಕಟ್ಟಿಹಾಕುತ್ತದೆ, ಖಾಸಗಿಯಾದರೆ ಹಾಗಿಲ್ಲ. ಆದ್ದರಿಂದ ಮೊದಲು ಕೇಳಬೇಕಾದ್ದು: ಮಗಳ ವಿಶ್ವವಿದ್ಯಾಲಯ ಯಾವುದು? ಖಾಸಗಿ ವಿಶ್ವವಿದ್ಯಾಲಯಗಳ ಸಹಾಯಕರು ಉದ್ಯೋಗಿಗಳೇ ಎಂದು 2016ರಲ್ಲಿ ಕೊಲಂಬಿಯಾ ಪ್ರಕರಣದಲ್ಲಿ ಅಲ್ಲಿನ ಕಾರ್ಮಿಕ ಮಂಡಳಿ ತೀರ್ಪು ಕೊಟ್ಟಿತು. ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಆಯಾ ರಾಜ್ಯದ ಕಾನೂನು. ಯೂನಿಯನ್ ಇದ್ದರೆ ಅದರ ಒಪ್ಪಂದದಲ್ಲಿ ಕೆಲಸದ ಗಂಟೆ, ದೂರಿನ ದಾರಿ ಎರಡೂ ಇರುತ್ತವೆ. ಆಫರ್ ಪತ್ರಕ್ಕಿಂತ ಮೊದಲು ಅದನ್ನು ಓದಲಿ.

ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮೀರುವಂತಿಲ್ಲ, ಅಸಿಸ್ಟೆಂಟ್‌ಶಿಪ್ಪೂ ಅದರೊಳಗೇ. 20 ಗಂಟೆಯ ಅಸಿಸ್ಟೆಂಟ್‌ಶಿಪ್ ಇದ್ದವರು ಲೈಬ್ರರಿಯಲ್ಲಿ ಇನ್ನೆರಡು ಗಂಟೆ ಕೂತರೂ ವೀಸಾಕ್ಕೇ ಕುತ್ತು. ವಿದ್ಯಾರ್ಥಿಗಳ ಅಂಕವನ್ನು ಬೇರೆಯವರಿಗೆ, ಅವರ ಅಪ್ಪ ಅಮ್ಮಂದಿರಿಗೂ, ಹೇಳುವಂತಿಲ್ಲ. 1974ರ ಕಾನೂನೊಂದು ಅದನ್ನು ತಡೆಯುತ್ತದೆ. ನಮ್ಮಲ್ಲಿ ಅಂಕಪಟ್ಟಿ ಗೋಡೆಗೆ ಅಂಟಿಸಿ ಅಭ್ಯಾಸವಾದವರು ಅಲ್ಲಿ ಮೊದಲ ತಿಂಗಳೇ ತಪ್ಪು ಮಾಡುವುದು ಇದರಲ್ಲಿ. ತರಗತಿಯಲ್ಲಿ ವಿಷಯಕ್ಕೆ ಸಂಬಂಧಿಸಿದ ವಿವಾದದ ಮಾತಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ತರಗತಿಯ ಹೊರಗೆ, ಪ್ರತಿಭಟನೆ ಮತ್ತು ಸೋಷಿಯಲ್ ಮೀಡಿಯಾದಲ್ಲಿ, ಅಲ್ಲಿನ ಪ್ರಜೆಗೂ ವೀಸಾದಲ್ಲಿ ಹೋದವರಿಗೂ ಒಂದೇ ಅಳತೆಯಲ್ಲ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೋರುವವರು ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕೆಂದು ಕೇಳುತ್ತಿದ್ದಾರೆ. ಹೊರಡುವ ಮೊದಲು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಫೋನ್ ನಂಬರು ನಿಮ್ಮ ಬಳಿಯೂ ಒಂದು ಇರಲಿ.

ಪ್ರಶ್ನೆ: ನನ್ನ ಪೇಪರಿನಲ್ಲಿ ಏನೂ ಮಾಡದವರ ಹೆಸರು ಸೇರಿಸಬೇಕಂತೆ. ಪೇಪರ್ ಇಲ್ಲದೆ ಪ್ರಬಂಧ ಸಲ್ಲಿಸಲಾಗದು ಎಂದೂ ಹೆದರಿಸುತ್ತಾರೆ. (ಭಾಗಮಂಡಲ)

ಉತ್ತರ: ಪ್ರಬಂಧ ಸಲ್ಲಿಕೆಗೆ ಮೊದಲು ಪೇಪರ್ ಪ್ರಕಟವಾಗಿರಲೇಬೇಕೆಂಬ ಯುಜಿಸಿಯ ಕಡ್ಡಾಯ 2022ರಲ್ಲಿ ಹೋಗಿದೆ. ನಿಮ್ಮ ವಿಶ್ವವಿದ್ಯಾಲಯ ಸ್ವಂತ ನಿಯಮದಲ್ಲಿ ಉಳಿಸಿಕೊಂಡಿದೆಯೇ ಎಂದು ನೋಡಿ, ಅಷ್ಟೇ. ಹೆಸರು ಸೇರಿಸಲು ಯೋಜನೆಯಲ್ಲೋ ದತ್ತಾಂಶದಲ್ಲೋ ನಿಜವಾದ ಪಾಲು, ಬರೆಯುವುದರಲ್ಲಿ ಕೈ, ಅಂತಿಮ ಪ್ರತಿಗೆ ಒಪ್ಪಿಗೆ, ತಪ್ಪಿಗೆ ಹೊಣೆ ನಾಲ್ಕೂ ಬೇಕೆಂದು ವೈದ್ಯಕೀಯ ಜರ್ನಲ್‌ಗಳ ಸಂಪಾದಕರ ಸಮಿತಿ ಹೇಳುತ್ತದೆ. ಬೇರೆ ವಿಷಯಗಳ ಜರ್ನಲ್‌ಗಳಲ್ಲೂ ಇದನ್ನು ಅನುಸರಿಸುವವು ಬಹಳ. ಹಲವು ಜರ್ನಲ್‌ಗಳು ಯಾರು ಏನು ಮಾಡಿದರು ಎಂಬ ನಮೂನೆ ತುಂಬಿಸಿಕೊಳ್ಳುತ್ತವೆ. ಆ ಖಾಲಿ ನಮೂನೆಯನ್ನೇ ಹೆಸರು ಬಯಸಿದವರ ಮುಂದಿಟ್ಟು, "ತಮ್ಮ ಪಾಲಿನ ಸಾಲನ್ನು ತಾವೇ ತುಂಬಿಕೊಡಿ ಸರ್" ಎನ್ನಿ.